ಲಿಸ್ಪ್‌ನಲ್ಲಿ ಒಂದು ಹೆಸರಿನ ವ್ಯಾಲ್ಯೂ ಎಲ್ಲಿಂದ ಬರುತ್ತದೆ? ಡೈನಾಮಿಕ್ ಮತ್ತು ಲೆಕ್ಸಿಕಲ್ ಸ್ಕೋಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಕಡೆ ಲಿಸ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರು ಹೆಚ್ಚಿನಂಶ ಈಮ್ಯಾಕ್ಸ್ ಮೂಲಕವೇ ಬರುತ್ತಾರೆ. ಈಮ್ಯಾಕ್ಸ್ ಅಂದರೆ ಲಿಸ್ಪ್ ಬರೆದು ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದಾದ ಟೆಕ್ಸ್ಟ್ ಎಡಿಟರ್. ಮೊದಲು ಯಾರದ್ದೋ ಕಾನ್ಫಿಗ್ ಫೈಲ್ ಕಾಪಿ ಮಾಡುತ್ತಾರೆ, ಆಮೇಲೆ ಅದರಲ್ಲಿ ಎರಡು ಸಾಲು ಬದಲಾಯಿಸುತ್ತಾರೆ, ಆಮೇಲೆ ಸ್ವಂತದ್ದೊಂದು ಫಂಕ್ಷನ್ ಬರೆಯುತ್ತಾರೆ. ಅಲ್ಲಿಂದ ಸ್ವಲ್ಪ ದಿನಕ್ಕೆ ಈ ಪ್ರಶ್ನೆ ಬಂದೇ ಬರುತ್ತದೆ: ಕೋಡ್ ನೋಡಿದರೆ ಸರಿ ಇದೆ, ಓಡಿಸಿದರೆ ಬೇರೆ ಉತ್ತರ, ಯಾಕೆ? ಸಾಗರ, ತೀರ್ಥಹಳ್ಳಿ, ಭದ್ರಾವತಿಯ ಹುಡುಗ ಹುಡುಗಿಯರು ನನ್ನನ್ನು ಕೇಳಿದ ಇಂಥ ಪ್ರಶ್ನೆಗಳನ್ನು ಇಲ್ಲಿ ಒಂದೇ ಕಡೆ ಹಾಕಿದ್ದೇನೆ.

ಕೋಡ್ ಬಗ್ಗೆ ಒಂದು ಮಾತು. ಓದಲು ಸಲೀಸಾಗಲಿ ಅಂತ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಡಿಫನ್, ಲೆಟ್, ಲ್ಯಾಂಬ್ಡಾ ಥರದ ಲಿಸ್ಪ್‌ನ ಸ್ವಂತ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಡಿಫನ್ ಹೊಸ ಫಂಕ್ಷನ್ ಮಾಡುತ್ತದೆ, ಲೆಟ್ ಒಂದು ಹೆಸರಿಗೆ ತಾತ್ಕಾಲಿಕವಾಗಿ ವ್ಯಾಲ್ಯೂ ಕೊಡುತ್ತದೆ, ಸೆಟ್‌ಕ್ಯೂ ಹೆಸರಿನ ವ್ಯಾಲ್ಯೂ ಬದಲಾಯಿಸುತ್ತದೆ, ಲ್ಯಾಂಬ್ಡಾ ಅಂದರೆ ಹೆಸರಿಲ್ಲದ ಫಂಕ್ಷನ್. ದರ, ಕಿಲೋ, ಚೀಲ ಅನ್ನುವ ನಮ್ಮ ಹೆಸರುಗಳು ಕನ್ನಡದಲ್ಲೇ ಇರಲಿ, ಈಮ್ಯಾಕ್ಸ್ ಆರಾಮಾಗಿ ತಗೊಳ್ಳುತ್ತದೆ. ಕನ್ನಡ ಟೈಪ್ ಮಾಡಲು ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ಎರಡೂ ಅದರೊಳಗೇ ಇವೆ.

ಸ್ಕೋಪ್ ಅಂದ್ರೆ ಏನು? ಒಂದೇ ಮಾತಲ್ಲಿ ಹೇಳಿ.

ಕೋಡ್‌ನಲ್ಲಿ ಒಂದು ಹೆಸರು ಕಂಡಾಗ, ಅದು ಯಾವ ವೇರಿಯಬಲ್ ಅಂತ ತೀರ್ಮಾನ ಮಾಡುವ ನಿಯಮವೇ ಸ್ಕೋಪ್.

ಫಂಕ್ಷನ್ ಒಳಗೇ ಹುಟ್ಟಿದ ಹೆಸರಾದರೆ ಜಗಳವೇ ಇಲ್ಲ. ತಕರಾರು ಬರುವುದು ಹೊರಗಿನ ಹೆಸರಿಗೆ, ಅಂದರೆ ಫಂಕ್ಷನ್ ಬಳಸುತ್ತದೆ ಆದರೆ ಅದರ ಆರ್ಗ್ಯುಮೆಂಟ್ ಅಲ್ಲ, ಅದರೊಳಗಿನ ಲೆಟ್‌ನಲ್ಲೂ ಇಲ್ಲ ಅನ್ನುವ ಹೆಸರಿಗೆ. ಅದನ್ನು ಎಲ್ಲಿ ಹುಡುಕಬೇಕು? ಫಂಕ್ಷನ್ ಬರೆದ ಜಾಗದ ಸುತ್ತಮುತ್ತ ಹುಡುಕಿದರೆ ಲೆಕ್ಸಿಕಲ್. ಫಂಕ್ಷನನ್ನು ಈಗ ಯಾರು ಕರೆದರು, ಅವರನ್ನು ಯಾರು ಕರೆದರು ಅಂತ ಕರೆದವರ ಸಾಲಿನಲ್ಲಿ ಹಿಂದೆ ಹೋಗುತ್ತಾ ಹುಡುಕಿದರೆ ಡೈನಾಮಿಕ್.

ಒಂದು ಚೀಟಿ ಇದೆ ಅಂದುಕೊಳ್ಳಿ. ಅದರಲ್ಲಿ "ಅಪ್ಪನ ಹತ್ತಿರ ದುಡ್ಡು ಇಸ್ಕೊಂಡು ಬಾ" ಅಂತ ಬರೆದಿದೆ. ಚೀಟಿ ಬರೆದವನ ಅಪ್ಪ ಅಂತ ತಿಳಿದುಕೊಂಡರೆ ಅದು ಲೆಕ್ಸಿಕಲ್. ಚೀಟಿ ಯಾರ ಕೈಯಲ್ಲಿದೆಯೋ ಅವರ ಅಪ್ಪ ಅಂತ ತಿಳಿದುಕೊಂಡರೆ ಡೈನಾಮಿಕ್. ಎರಡನೆಯ ಥರ ಓದಿದರೆ ಅದೇ ಚೀಟಿ ಕೈ ಬದಲಾದ ಹಾಗೆ ಅರ್ಥ ಬದಲಾಯಿಸುತ್ತದೆ.

ಕೋಡ್‌ನಲ್ಲಿ ತೋರಿಸಿ.

ಅಡಿಕೆ ಲೆಕ್ಕ ಮಾಡೋಣ. ಲೆಕ್ಕ ಸುಲಭ ಆಗಲಿ ಅಂತ ರಾಶಿ ಅಡಿಕೆ ಕಿಲೋಗೆ 500, ಗೊರಬಲು 300 ಅಂತ ಇಟ್ಟುಕೊಳ್ಳಿ. ಮಂಡಿಯ ಇವತ್ತಿನ ದರ ಅಲ್ಲ ಇದು, ಸುಮ್ನೆ ಉದಾಹರಣೆಗೆ.

(ಸೆಟ್‌ಕ್ಯೂ ದರ 500)

(ಡಿಫನ್ ಬೆಲೆ (ಕಿಲೋ)
  (* ಕಿಲೋ ದರ))

(ಡಿಫನ್ ಗೊರಬಲು-ಬೆಲೆ (ಕಿಲೋ)
  (ಲೆಟ್ ((ದರ 300))
    (ಬೆಲೆ ಕಿಲೋ)))

(ಗೊರಬಲು-ಬೆಲೆ 10)

ಡೈನಾಮಿಕ್ ಆದರೆ ಉತ್ತರ 3000. "ಬೆಲೆ" ಓಡುವ ಹೊತ್ತಿಗೆ ಕರೆದವನ ಹತ್ತಿರ "ದರ" 300 ಇದೆ, ಅದನ್ನೇ ತಗೊಂಡಿತು. ಲೆಕ್ಸಿಕಲ್ ಆದರೆ 5000. "ಬೆಲೆ" ಬರೆದ ಜಾಗದಿಂದ ನೋಡಿದರೆ ಕಾಣುವುದು ಹೊರಗಿನ 500 ಮಾತ್ರ. ಗೊರಬಲು-ಬೆಲೆಯೊಳಗಿನ 300 ಅದರ ಮನೆಯ ವಿಷಯ, "ಬೆಲೆ"ಗೆ ಅದು ಗೊತ್ತೇ ಆಗುವುದಿಲ್ಲ.

ಈ ನಾಲ್ಕು ತುಂಡನ್ನು ನೀವೇ ಟೈಪ್ ಮಾಡಿ ಓಡಿಸಿ. ಒಮ್ಮೆ ಲೆಕ್ಸಿಕಲ್ ಆನ್ ಮಾಡಿ, ಒಮ್ಮೆ ಆಫ್ ಮಾಡಿ, ಹೇಗೆ ಅಂತ ಕೆಳಗೆ ಹೇಳಿದ್ದೇನೆ. ಡಿಫನ್‌ಗಳನ್ನೂ ಪ್ರತಿ ಸಲ ಮತ್ತೆ ಓಡಿಸಬೇಕು. ಫಂಕ್ಷನ್ ಯಾವ ನಿಯಮದಲ್ಲಿ ಹುಟ್ಟಿತೋ ಅದೇ ನಿಯಮ ಅದರ ಜೊತೆ ಇರುತ್ತದೆ.

ಸರ್, 3000 ಬಂದಿದ್ದೇ ಸರಿ ಅಲ್ವಾ? ನಮಗೆ ಬೇಕಾಗಿದ್ದೂ ಅದೇ ತಾನೆ?

ಈ ಒಂದು ಉದಾಹರಣೆಯಲ್ಲಿ ಹೌದು. ಇದೇ ಕಾರಣಕ್ಕೆ ಡೈನಾಮಿಕ್ ಸ್ಕೋಪ್ ಮೊದಲ ನೋಟಕ್ಕೆ ಇಷ್ಟ ಆಗುತ್ತದೆ. "ಬೆಲೆ" ಫಂಕ್ಷನ್ ಮುಟ್ಟದೆ, ಹೊರಗಿನಿಂದಲೇ ಅದರ ನಡವಳಿಕೆ ಬದಲಾಯಿಸಿದಿರಿ.

ಆದರೆ ಇಲ್ಲಿ "ದರ" ಅನ್ನುವ ಹೆಸರು ನಿಮಗೆ ಗೊತ್ತಿತ್ತು. ಬದಲಾಯಿಸಬೇಕು ಅಂತಲೇ ಬದಲಾಯಿಸಿದಿರಿ. ಗೊತ್ತಿಲ್ಲದೆ ಬದಲಾಯಿಸಿದರೆ? ನಿಮ್ಮ ಲೆಟ್‌ನಲ್ಲಿ ಇಟ್ಟ ಒಂದು ಹೆಸರನ್ನೇ, ನೀವು ಕರೆದ ಫಂಕ್ಷನ್ ಕರೆದ ಇನ್ನೊಂದು ಫಂಕ್ಷನ್, ಯಾವನೋ ಬರೆದ ಇನ್ನೊಂದು ಫೈಲಿನಲ್ಲಿ, ಬೇರೆ ಕೆಲಸಕ್ಕೆ ಬಳಸುತ್ತಿದ್ದರೆ? ಅಲ್ಲಿ ಶುರುವಾಗುತ್ತದೆ ನಿಜವಾದ ತೊಂದರೆ.

ಆ ತೊಂದರೆಯನ್ನು ಒಂದ್ಸಲ ಕಣ್ಣಾರೆ ನೋಡಬೇಕು.

ನೋಡೋಣ, ನಿಧಾನಕ್ಕೆ. ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಒಂದು ಕೆಲಸ ಮಾಡಿ, ಕೊನೆಗೆ ಎಷ್ಟು ಇದ್ದವು ಅಂತ ಹೇಳುವ ಫಂಕ್ಷನ್ ಇದು. ಡೂಲಿಸ್ಟ್ ಪಟ್ಟಿಯನ್ನು ಒಂದೊಂದಾಗಿ ಸುತ್ತುತ್ತದೆ, ಫನ್‌ಕಾಲ್ ಕೈಗೆ ಕೊಟ್ಟ ಫಂಕ್ಷನನ್ನು ಓಡಿಸುತ್ತದೆ.

(ಡಿಫನ್ ಎಲ್ಲಕ್ಕೂ (ಕೆಲಸ ಪಟ್ಟಿ)
  (ಲೆಟ್ ((ಎಣಿಕೆ 0))
    (ಡೂಲಿಸ್ಟ್ (ಒಂದು ಪಟ್ಟಿ)
      (ಸೆಟ್‌ಕ್ಯೂ ಎಣಿಕೆ (+ ಎಣಿಕೆ 1))
      (ಫನ್‌ಕಾಲ್ ಕೆಲಸ ಒಂದು))
    ಎಣಿಕೆ))

ಈಗ ಇನ್ನೊಬ್ಬರು ಇದನ್ನು ಬಳಸಿ ಮೂರು ಚೀಲದ ಒಟ್ಟು ತೂಕ ಲೆಕ್ಕ ಹಾಕುತ್ತಾರೆ. ಅವರೂ ತಮ್ಮ ವೇರಿಯಬಲ್‌ಗೆ "ಎಣಿಕೆ" ಅಂತಲೇ ಹೆಸರಿಟ್ಟಿದ್ದಾರೆ. ತಪ್ಪೇನಿಲ್ಲ, ಎಲ್ಲರೂ ಇಡುವ ಹೆಸರೇ.

(ಲೆಟ್ ((ಎಣಿಕೆ 0))
  (ಎಲ್ಲಕ್ಕೂ (ಲ್ಯಾಂಬ್ಡಾ (ಚೀಲ)
            (ಸೆಟ್‌ಕ್ಯೂ ಎಣಿಕೆ (+ ಎಣಿಕೆ ಚೀಲ)))
          '(65 70 60))
  ಎಣಿಕೆ)

ಬರಬೇಕಾದ್ದು 195. ಡೈನಾಮಿಕ್‌ನಲ್ಲಿ ಬರುವುದು 0.

ಏನಾಯಿತು ನೋಡಿ. ಹೊರಗಿನ ಎಣಿಕೆ 0. "ಎಲ್ಲಕ್ಕೂ" ಒಳಗೆ ಹೋದ ತಕ್ಷಣ ಇನ್ನೊಂದು ಎಣಿಕೆ ಹುಟ್ಟಿತು, ಅದೂ 0. ಮೊದಲ ಸುತ್ತಿನಲ್ಲಿ "ಎಲ್ಲಕ್ಕೂ" ತನ್ನದನ್ನು 1 ಮಾಡಿತು. ಆಮೇಲೆ ಲ್ಯಾಂಬ್ಡಾ ಓಡಿತು. ಲ್ಯಾಂಬ್ಡಾ ಬರೆದವರಿಗೆ ಬೇಕಾಗಿದ್ದು ಹೊರಗಿನ ಎಣಿಕೆ, ಆದರೆ ಹತ್ತಿರದಲ್ಲಿ ಸಿಕ್ಕಿದ್ದು "ಎಲ್ಲಕ್ಕೂ"ವಿನ ಎಣಿಕೆ. ಅದಕ್ಕೇ 65 ಸೇರಿಸಿತು, 66 ಆಯಿತು. ಎರಡನೇ ಸುತ್ತು: 67, ಆಮೇಲೆ 137. ಮೂರನೇದು: 138, ಆಮೇಲೆ 198. "ಎಲ್ಲಕ್ಕೂ" ಮೂರು ಚೀಲ ಇವೆ ಅನ್ನುವ ಬದಲು 198 ಇವೆ ಅಂತ ಹೇಳಿ ಮುಗಿಸಿತು. ಹೊರಗಿನ ಎಣಿಕೆಯನ್ನು ಯಾರೂ ಮುಟ್ಟಲೇ ಇಲ್ಲ. ಅದು 0 ಆಗಿಯೇ ಉಳಿಯಿತು.

ಎರಡೂ ಉತ್ತರ ಕೆಟ್ಟಿತು, ಎರಡೂ ಕೋಡ್ ಬೇರೆ ಬೇರೆಯಾಗಿ ನೋಡಿದರೆ ಸರಿಯಾಗಿಯೇ ಇದೆ, ಎರರ್ ಮೆಸೇಜ್ ಒಂದೂ ಇಲ್ಲ. ಇದನ್ನು ಹುಡುಕುವುದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ. "ಎಣಿಕೆ"ಯನ್ನು "ಲೆಕ್ಕ" ಅಂತ ಬದಲಾಯಿಸಿದರೆ ಸರಿಹೋಗುತ್ತದೆ. ಒಂದು ಲೋಕಲ್ ವೇರಿಯಬಲ್‌ನ ಹೆಸರು ಬದಲಾಯಿಸಿದರೆ ಪ್ರೋಗ್ರಾಂನ ಉತ್ತರ ಬದಲಾಗುತ್ತದೆ ಅಂದರೆ ಆ ಭಾಷೆಯಲ್ಲಿ ದೊಡ್ಡ ಪ್ರೋಗ್ರಾಂ ಬರೆಯುವುದು ಹೇಗೆ? ನನ್ನ ಪ್ರಕಾರ ಲೆಕ್ಸಿಕಲ್ ಸ್ಕೋಪ್ ಪರ ಇರುವ ವಾದಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ.

ಲೆಕ್ಸಿಕಲ್‌ನಲ್ಲಿ ಇದೇ ಕೋಡ್ 195 ಕೊಡುತ್ತದೆ, "ಎಲ್ಲಕ್ಕೂ" 3 ಕೊಡುತ್ತದೆ.

ಹಳೆಯ ಈಮ್ಯಾಕ್ಸ್ ಪ್ಯಾಕೇಜುಗಳಲ್ಲಿ ಲೋಕಲ್ ವೇರಿಯಬಲ್‌ಗೂ ಪ್ಯಾಕೇಜಿನ ಹೆಸರು ಅಂಟಿಸಿ ಉದ್ದುದ್ದ ಹೆಸರು ಇಟ್ಟಿರುವುದನ್ನು ನೋಡಿರಬಹುದು. ಈ ಡಿಕ್ಕಿ ತಪ್ಪಿಸಲು ಅವರು ಹಿಡಿದ ದಾರಿ ಅದು.

ಕ್ಲೋಷರ್ ಅಂದ್ರೆ ಏನು? ಇದಕ್ಕೂ ಅದಕ್ಕೂ ಏನು ಸಂಬಂಧ?

ಫಂಕ್ಷನ್ ಜೊತೆಗೆ ಅದು ಹುಟ್ಟಿದ ಜಾಗದ ವೇರಿಯಬಲ್‌ಗಳನ್ನೂ ಕಟ್ಟಿಕೊಟ್ಟರೆ ಅದು ಕ್ಲೋಷರ್. ಈ ಹೆಸರು ಕೊಟ್ಟವರು ಪೀಟರ್ ಲ್ಯಾಂಡಿನ್, 1964ರಲ್ಲಿ.

(ಡಿಫನ್ ಕಮಿಷನ್-ಕಳೆ (ಶೇಕಡಾ)
  (ಲ್ಯಾಂಬ್ಡಾ (ಮೊತ್ತ)
    (- ಮೊತ್ತ (/ (* ಮೊತ್ತ ಶೇಕಡಾ) 100))))

(ಫನ್‌ಕಾಲ್ (ಕಮಿಷನ್-ಕಳೆ 2) 5000)

ಲೆಕ್ಸಿಕಲ್‌ನಲ್ಲಿ 4900. "ಕಮಿಷನ್-ಕಳೆ" ಮುಗಿದು ಹೋಗಿದ್ದರೂ ಅದರ "ಶೇಕಡಾ" 2 ಲ್ಯಾಂಬ್ಡಾದ ಜೊತೆ ಬದುಕಿರುತ್ತದೆ. ಡೈನಾಮಿಕ್‌ನಲ್ಲಿ "ಶೇಕಡಾ"ಗೆ ವ್ಯಾಲ್ಯೂ ಇಲ್ಲ ಅಂತ ಎರರ್. "ಕಮಿಷನ್-ಕಳೆ" ಮುಗಿದ ಕ್ಷಣವೇ ಆ 2 ಹೋಯಿತು, ಲ್ಯಾಂಬ್ಡಾ ಓಡುವ ಹೊತ್ತಿಗೆ ಕರೆದವರ ಸಾಲಿನಲ್ಲಿ ಯಾರ ಹತ್ತಿರವೂ "ಶೇಕಡಾ" ಇಲ್ಲ.

ಎರರ್ ಬಂದರೆ ಪುಣ್ಯ. ಇನ್ನೆಲ್ಲೋ ಗ್ಲೋಬಲ್ ಆಗಿ "ಶೇಕಡಾ" 18 ಅಂತ ಇದ್ದಿದ್ದರೆ ಅದನ್ನೇ ಹಿಡಿದು 4100 ಕೊಟ್ಟು ಸುಮ್ಮನಾಗುತ್ತಿತ್ತು.

ಒಳಗೆ ಏನು ನಡೆಯುತ್ತದೆ? ಕೋಡ್ ಓದಿ ಓಡಿಸುವ ಇಂಟರ್‌ಪ್ರಿಟರ್ ಇದನ್ನು ಹೇಗೆ ಮಾಡುತ್ತದೆ?

ಈಮ್ಯಾಕ್ಸ್‌ನ ಡೈನಾಮಿಕ್ ಲೆಟ್ ಬಹಳ ಸರಳ. ಪ್ರತಿ ಸಿಂಬಲ್‌ಗೂ ವ್ಯಾಲ್ಯೂ ಇಡಲು ಒಂದೇ ಒಂದು ಖಾನೆ. ಸಿಂಬಲ್ ಅಂದರೆ ಲಿಸ್ಪ್ ತನ್ನೊಳಗೆ ಇಟ್ಟುಕೊಳ್ಳುವ ಹೆಸರು. ಲೆಟ್ ಒಳಗೆ ಹೋಗುವಾಗ ಖಾನೆಯಲ್ಲಿದ್ದ ಹಳೆಯ ವ್ಯಾಲ್ಯೂವನ್ನು ಒಂದು ಸ್ಟ್ಯಾಕ್ ಮೇಲೆ ಎತ್ತಿಡುತ್ತದೆ, ಖಾನೆಗೆ ಹೊಸದನ್ನು ಹಾಕುತ್ತದೆ. ಹೊರಗೆ ಬರುವಾಗ ಸ್ಟ್ಯಾಕಿನಿಂದ ತೆಗೆದು ವಾಪಸ್ ಹಾಕುತ್ತದೆ. ನಡುವೆ ಎರರ್ ಆಗಿ ಹಾರಿ ಹೊರಬಂದರೂ ವಾಪಸ್ ಹಾಕುವ ಕೆಲಸ ತಪ್ಪುವುದಿಲ್ಲ. ಇದಕ್ಕೆ ಶ್ಯಾಲೋ ಬೈಂಡಿಂಗ್ ಅನ್ನುತ್ತಾರೆ. ಹೆಸರು ಹುಡುಕುವ ಕೆಲಸವೇ ಇಲ್ಲ, ಖಾನೆ ತೆರೆದು ನೋಡಿದರೆ ಆಯಿತು.

ಮೊದಲ ಕಾಲದ ಲಿಸ್ಪ್‌ನ ಇಂಟರ್‌ಪ್ರಿಟರ್ ಹೀಗಿರಲಿಲ್ಲ. ಹೆಸರು ಮತ್ತು ವ್ಯಾಲ್ಯೂ ಜೋಡಿಗಳ ಒಂದು ಪಟ್ಟಿ ಇಟ್ಟುಕೊಂಡು, ಬೇಕಾದಾಗ ತುದಿಯಿಂದ ಹುಡುಕುತ್ತಾ ಹೋಗುತ್ತಿತ್ತು. ಅದು ಡೀಪ್ ಬೈಂಡಿಂಗ್. ಎರಡರಲ್ಲೂ ಉತ್ತರ ಒಂದೇ, ವೇಗ ಬೇರೆ.

ಲೆಕ್ಸಿಕಲ್‌ನಲ್ಲಿ ಸಿಂಬಲ್‌ನ ಆ ಖಾನೆಯನ್ನು ಲೋಕಲ್ ವೇರಿಯಬಲ್ ಮುಟ್ಟುವುದೇ ಇಲ್ಲ. ಕಂಪೈಲ್ ಆದ ಮೇಲೆ, ಅಂದರೆ ಕೋಡನ್ನು ವೇಗವಾಗಿ ಓಡುವ ರೂಪಕ್ಕೆ ತಿರುಗಿಸಿದ ಮೇಲೆ, ಲೋಕಲ್ ಹೆಸರೇ ಮಾಯ. "ಸ್ಟ್ಯಾಕಿನಲ್ಲಿ ಇಷ್ಟನೆಯದು" ಅನ್ನುವ ನಂಬರ್ ಮಾತ್ರ ಉಳಿಯುತ್ತದೆ. ಕಂಪೈಲ್ ಆದ ಲೆಕ್ಸಿಕಲ್ ಕೋಡ್ ಸಾಮಾನ್ಯವಾಗಿ ಜಾಸ್ತಿ ವೇಗವಾಗಿ ಓಡಲು ಒಂದು ಕಾರಣ ಇದು.

ಇಷ್ಟು ತೊಂದರೆ ಇದ್ರೆ ಮೊದಲು ಯಾಕೆ ಹಾಗೆ ಮಾಡಿದ್ರು?

ಬೇಕು ಅಂತ ಮಾಡಿದ್ದಲ್ಲ. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ಕೆಲಸ ಶುರು ಮಾಡಿದರು. 1960ರಲ್ಲಿ ಅವರ ಪ್ರಸಿದ್ಧ ಲೇಖನ ಬಂತು. ಅದರಲ್ಲಿದ್ದ, ಲಿಸ್ಪ್ ಕೋಡನ್ನೇ ಓಡಿಸುವ ಇವ್ಯಾಲ್ ಫಂಕ್ಷನನ್ನು ಅವರ ತಂಡದ ಸ್ಟೀವ್ ರಸೆಲ್ ಕೈಯಿಂದ ಮೆಷಿನ್ ಕೋಡ್‌ಗೆ ಇಳಿಸಿ, ಓಡುವ ಇಂಟರ್‌ಪ್ರಿಟರ್ ಮಾಡಿಬಿಟ್ಟರು. ಫಂಕ್ಷನನ್ನು ಆರ್ಗ್ಯುಮೆಂಟ್ ಆಗಿ ಕಳಿಸಿದಾಗ ಹೊರಗಿನ ಹೆಸರು ತಪ್ಪು ಜಾಗದಿಂದ ಬರುತ್ತದೆ ಅನ್ನುವುದು ಜೇಮ್ಸ್ ಸ್ಲಾಗಲ್ ಬರೆದ ಒಂದು ಫಂಕ್ಷನ್ ತಪ್ಪು ಉತ್ತರ ಕೊಟ್ಟಾಗ ಗೊತ್ತಾಯಿತು. ನಾವು ಮೇಲೆ ನೋಡಿದ "ಎಣಿಕೆ"ಯ ತಾಪತ್ರಯದ ಜಾತಿಯದ್ದೇ. ತಾನು ಅದನ್ನು ಬರಿ ಒಂದು ಬಗ್ ಅಂದುಕೊಂಡಿದ್ದೆ, ರಸೆಲ್ ಸರಿ ಮಾಡುತ್ತಾರೆ ಅಂತ ನಂಬಿದ್ದೆ ಅಂತ ಮೆಕಾರ್ಥಿ ಆಮೇಲೆ ಲಿಸ್ಪ್‌ನ ಇತಿಹಾಸ ಬರೆದಾಗ ಹೇಳಿದ್ದಾರೆ. ರಸೆಲ್ ಒಂದು ಉಪಾಯವನ್ನೂ ಸೇರಿಸಿದರು. ಆದರೆ ಮೂಲ ನಿಯಮ ಡೈನಾಮಿಕ್ ಆಗಿಯೇ ಉಳಿಯಿತು. ಮುಂದೆ ವರ್ಷಗಟ್ಟಲೆ ಇದನ್ನು ಫನಾರ್ಗ್ (ಫಂಕ್ಷನಲ್ ಆರ್ಗ್ಯುಮೆಂಟ್) ಪ್ರಾಬ್ಲಮ್ ಅಂತ ಕರೆದು ಚರ್ಚೆ ಮಾಡಿದರು.

ಇದಕ್ಕೆ ಪೂರ್ತಿ ಉತ್ತರ ಕೊಟ್ಟ ಲಿಸ್ಪ್ ಸ್ಕೀಮ್. 1975ರಲ್ಲಿ ಜೆರಾಲ್ಡ್ ಸಸ್ಮನ್ ಮತ್ತು ಗೈ ಸ್ಟೀಲ್ ಎಂಐಟಿಯಲ್ಲೇ ಮಾಡಿದ್ದು. ಅವರು ಹೊರಟಿದ್ದು ಕಾರ್ಲ್ ಹೆವಿಟ್ ಅವರ ಆಕ್ಟರ್ (ಒಂದಕ್ಕೊಂದು ಸಂದೇಶ ಕಳಿಸುವ ಪುಟ್ಟ ಘಟಕಗಳು) ಅನ್ನುವ ಐಡಿಯಾ ಅರ್ಥ ಮಾಡಿಕೊಳ್ಳಲು. ಪುಟ್ಟ ಇಂಟರ್‌ಪ್ರಿಟರ್ ಬರೆದು, ಆಲ್ಗಾಲ್ ಭಾಷೆಯಲ್ಲಿದ್ದ ಲೆಕ್ಸಿಕಲ್ ನಿಯಮ ಅದಕ್ಕೆ ಹಾಕಿದರು. ಕೊನೆಗೆ ನೋಡಿದರೆ ಆಕ್ಟರ್ ಮಾಡುವ ಕೋಡೂ ಕ್ಲೋಷರ್ ಮಾಡುವ ಕೋಡೂ ಒಂದೇ ಆಗಿತ್ತು. ನನಗೆ ಕಂಪ್ಯೂಟರ್ ಇತಿಹಾಸದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ನಡುವೆ ಮ್ಯಾಕ್‌ಲಿಸ್ಪ್ ಅಂತ ಒಂದಿತ್ತು. ಅದರಲ್ಲಿ ಇಂಟರ್‌ಪ್ರಿಟರ್ ಡೈನಾಮಿಕ್, ಕಂಪೈಲರ್ ಮಾತ್ರ ಸ್ಪೆಷಲ್ (ಅಂದರೆ ಡೈನಾಮಿಕ್) ಅಂತ ಹೇಳದ ವೇರಿಯಬಲ್‌ಗಳನ್ನು ಲೋಕಲ್ ಅಂತ ನೋಡುತ್ತಿತ್ತು. ಅಂದರೆ ಪರೀಕ್ಷೆ ಮಾಡುವಾಗ ಒಂದು ಉತ್ತರ, ಕಂಪೈಲ್ ಮಾಡಿದ ಮೇಲೆ ಇನ್ನೊಂದು. 1984ರಲ್ಲಿ ಕಾಮನ್ ಲಿಸ್ಪ್ ಬಂದಾಗ ಎರಡೂ ಒಂದೇ ಉತ್ತರ ಕೊಡಬೇಕು ಅಂತ ಕಟ್ಟುನಿಟ್ಟು ಮಾಡಿ, ಲೆಕ್ಸಿಕಲ್ ಅನ್ನೇ ಮೂಲ ನಿಯಮ ಮಾಡಿದರು.

ಹಾಗಾದ್ರೆ ಈಮ್ಯಾಕ್ಸ್ ಯಾಕೆ ಅಷ್ಟು ತಡ ಮಾಡಿತು?

ಜಿಎನ್‌ಯು ಈಮ್ಯಾಕ್ಸ್ 1985ರದ್ದು. ಲೆಕ್ಸಿಕಲ್ ಬಂದಿದ್ದು 24.1ರಲ್ಲಿ, 2012ಕ್ಕೆ. ಈಮ್ಯಾಕ್ಸ್ ಬರೆದ ರಿಚರ್ಡ್ ಸ್ಟಾಲ್ಮನ್‌ಗೆ ಲೆಕ್ಸಿಕಲ್ ಗೊತ್ತಿಲ್ಲ ಅಂತಲ್ಲ. ಎಡಿಟರ್‌ಗೆ ಡೈನಾಮಿಕ್ ಬೇಕು ಅಂತ ಅದಕ್ಕೂ ಹಿಂದಿನ ಈಮ್ಯಾಕ್ಸ್ ಬಗ್ಗೆ ಬರೆದ 1981ರ ಲೇಖನದಲ್ಲೇ ವಾದ ಮಾಡಿದ್ದರು. ಬಳಸುವವರು ಎಡಿಟರ್‌ನ ಒಳಗಿನ ಫಂಕ್ಷನ್‌ಗಳ ನಡವಳಿಕೆಯನ್ನು, ಬರೆದವರು ಮೊದಲೇ ಯೋಚಿಸಿರದ ರೀತಿಯಲ್ಲಿ ಬದಲಾಯಿಸಬೇಕು. ಅದಕ್ಕೆ ಅವರು ಮೂಲ ಕೋಡ್ ತಿದ್ದುವಂತಾಗಬಾರದು.

ಈ ವಾದದಲ್ಲಿ ಸತ್ಯ ಇದೆ. ಆದರೆ ಆ ಅನುಕೂಲ ಬೇಕಾಗಿರುವುದು ಕೆಲವು ವೇರಿಯಬಲ್‌ಗಳಿಗೆ ಮಾತ್ರ. "ಎಣಿಕೆ" ಥರದ ಪ್ರತಿಯೊಂದು ಲೋಕಲ್ ಹೆಸರಿಗೂ ಅದನ್ನು ಕೊಟ್ಟಿದ್ದು ದುಬಾರಿಯಾಯಿತು.

ಲೆಕ್ಸಿಕಲ್ ಆನ್ ಮಾಡೋದು ಹೇಗೆ?

ಫೈಲಿನ ಮೊದಲ ಸಾಲಿನಲ್ಲಿ ಹೀಗೆ ಬರೆಯಿರಿ, ಪೂರ್ತಿ ಇಂಗ್ಲಿಷ್ ಅಕ್ಷರದಲ್ಲಿ:

;;; -*- ಲೆಕ್ಸಿಕಲ್-ಬೈಂಡಿಂಗ್: ಟಿ; -*-

ಮೊದಲ ಸಾಲೇ ಆಗಬೇಕು. ಎರಡನೇ ಸಾಲಿಗೆ ಹೋದರೆ ಕೆಲಸ ಮಾಡುವುದಿಲ್ಲ. ಫೈಲ್ ಕೊನೆಯಲ್ಲಿ ಬರೆಯುವ ಲೋಕಲ್ ವೇರಿಯಬಲ್ಸ್ ಪಟ್ಟಿಯಲ್ಲಿ ಹಾಕಿದರೂ ಆಗುವುದಿಲ್ಲ. ಕೋಡ್ ಓದಲು ಶುರು ಮಾಡುವ ಮುಂಚೆಯೇ ಈಮ್ಯಾಕ್ಸ್‌ಗೆ ಇದು ಗೊತ್ತಿರಬೇಕು.

ಸಾಲು ಬರೆದು ಸೇವ್ ಮಾಡಿದರೆ ಸಾಲದು, ಫೈಲ್ ಮುಚ್ಚಿ ಮತ್ತೆ ತೆರೆಯಿರಿ. ಕೆಳಗಿನ ಮೋಡ್ ಲೈನಿನಲ್ಲಿ ಇಲಿಸ್ಪ್ (ಈಮ್ಯಾಕ್ಸ್ ಒಳಗಿನ ಲಿಸ್ಪ್) ಅನ್ನುವುದರ ಪಕ್ಕ ಓರೆ ಗೆರೆ ಹಾಕಿ ಎಲ್ ಅಂತ ಇದ್ದರೆ ಲೆಕ್ಸಿಕಲ್, ಡಿ ಅಂತ ಇದ್ದರೆ ಡೈನಾಮಿಕ್. ಈಮ್ಯಾಕ್ಸ್ 30ರಲ್ಲಿ ಈ ಸಾಲು ಇಲ್ಲದ ಫೈಲ್ ಕಂಪೈಲ್ ಮಾಡಿದರೆ ವಾರ್ನಿಂಗ್ ಕೊಡುತ್ತದೆ.

ಹಳೇ ಫೈಲ್‌ಗೆ ಆ ಸಾಲು ಹಾಕಿದೆ, ಕೆಲಸ ಮಾಡ್ತಿದ್ದದ್ದು ನಿಂತುಹೋಯ್ತು. ಏನು ಮಾಡ್ಲಿ?

ಸಾಲು ತೆಗೆಯಬೇಡಿ. ಫೈಲ್ ಬೈಟ್ ಕಂಪೈಲ್ ಮಾಡಿ, ವಾರ್ನಿಂಗ್ ಓದಿ. ಎರಡು ವಾರ್ನಿಂಗ್ ಮುಖ್ಯ. ಒಂದು, "ಬಳಸದ ಲೆಕ್ಸಿಕಲ್ ವೇರಿಯಬಲ್" ಅನ್ನುವುದು. ಮೇಲಿನ ಗೊರಬಲು-ಬೆಲೆಯಲ್ಲಿ "ದರ"ಕ್ಕೆ ಇದೇ ಬರುತ್ತದೆ. ಲೆಟ್‌ನಲ್ಲಿ ಇಟ್ಟಿದ್ದೀರಿ, ಆ ಲೆಟ್ ಒಳಗೆ ಯಾರೂ ಬಳಸಿಲ್ಲ. ಅಂದರೆ ನೀವು ಕರೆದ ಫಂಕ್ಷನ್‌ಗೆ ಕದ್ದು ದಾಟಿಸುತ್ತಿದ್ದಿರಿ. ಇನ್ನೊಂದು, "ಫ್ರೀ ವೇರಿಯಬಲ್" ಅನ್ನುವುದು. "ಬೆಲೆ"ಯೊಳಗಿನ "ದರ"ಕ್ಕೆ ಬರುತ್ತದೆ. ಇವೆರಡೂ ಒಂದೇ ಹೆಸರಿಗೆ ಬಂದರೆ ಆ ಹೆಸರು ಡೈನಾಮಿಕ್ ಆಗಿ ಓಡಾಡುತ್ತಿತ್ತು ಅಂತ ಬಹುಮಟ್ಟಿಗೆ ಖಾತ್ರಿ.

ಆಗ ಎರಡು ದಾರಿ. ಒಳ್ಳೆಯ ದಾರಿ ಅಂದರೆ ಅದನ್ನು ಆರ್ಗ್ಯುಮೆಂಟ್ ಮಾಡುವುದು: (ಬೆಲೆ ಕಿಲೋ ದರ). ನಮ್ಮ ಅಡಿಕೆ ಲೆಕ್ಕಕ್ಕೆ ಇದೇ ಸರಿ, ಕರೆಯುವ ಸಾಲಿನಲ್ಲೇ ಯಾವ ದರ ಅಂತ ಕಾಣುತ್ತದೆ. ಅದು ನಿಜಕ್ಕೂ ಎಲ್ಲರಿಗೂ ಅನ್ವಯಿಸುವ ಸೆಟ್ಟಿಂಗ್ ಆಗಿದ್ದರೆ ಮಾತ್ರ ಡಿಫ್‌ವಾರ್ ಹಾಕಿ.

ಇನ್ನೊಂದು ಗುಂಡಿ ಇದೆ, ಇದಕ್ಕೆ ತುಂಬಾ ಜನ ಬೀಳುತ್ತಾರೆ. ಆಡ್-ಟು-ಲಿಸ್ಟ್, ಸೆಟ್, ಸಿಂಬಲ್-ವ್ಯಾಲ್ಯೂ, ಬೌಂಡ್‌ಪಿ ಇವೆಲ್ಲ ಹೆಸರನ್ನು ಸಿಂಬಲ್ ಆಗಿ ತಗೊಂಡು ಅದರ ಖಾನೆ ನೋಡುತ್ತವೆ. ಲೆಕ್ಸಿಕಲ್ ಲೋಕಲ್ ಆ ಖಾನೆಯಲ್ಲಿ ಇರುವುದೇ ಇಲ್ಲ ಅಂತ ಮೇಲೆ ನೋಡಿದೆವಲ್ಲ. ಹಾಗಾಗಿ ಲೋಕಲ್ ಪಟ್ಟಿಗೆ ಆಡ್-ಟು-ಲಿಸ್ಟ್ ಬಳಸಬೇಡಿ, ಪುಶ್ ಅಥವಾ ಸಿಎಲ್-ಪುಶ್‌ನ್ಯೂ ಬಳಸಿ.

ಡಿಫ್‌ವಾರ್ ಹಾಕಿದ್ರೆ ಏನಾಗುತ್ತೆ?

ಆ ಹೆಸರು ಸ್ಪೆಷಲ್ ಆಗುತ್ತದೆ. ಫೈಲ್ ಲೆಕ್ಸಿಕಲ್ ಇದ್ದರೂ ಆ ಒಂದು ಹೆಸರಿನ ಲೆಟ್ ಮಾತ್ರ ಡೈನಾಮಿಕ್. ಅಡಿಕೆ ಉದಾಹರಣೆಯಲ್ಲಿ ಸೆಟ್‌ಕ್ಯೂ ಬದಲು (ಡಿಫ್‌ವಾರ್ ದರ 500) ಅಂತ ಬರೆದು ಓಡಿಸಿ, ಮತ್ತೆ 3000 ಬರುತ್ತದೆ. ಆದರೆ ಬರಿ "ದರ" ಅಂತ ಹೆಸರಿಟ್ಟು ಡಿಫ್‌ವಾರ್ ಹಾಕಬೇಡಿ. ಬೇರೆ ಫೈಲಿನಲ್ಲಿ ಪಾಪ ಯಾರೋ ಲೋಕಲ್ ಅಂದುಕೊಂಡು ಇಟ್ಟ "ದರ"ವೂ ಡೈನಾಮಿಕ್ ಆಗಿಬಿಡುತ್ತದೆ. "ಅಡಿಕೆ-ದರ" ಅಂತ ಮುಂದೊಂದು ಗುರುತು ಇರಲಿ. ಸ್ಪೆಷಲ್ ಆದ ಹೆಸರನ್ನು ಫಂಕ್ಷನ್‌ನ ಆರ್ಗ್ಯುಮೆಂಟ್ ಹೆಸರಾಗಿ ಬಳಸಲೂ ಬೇಡಿ, ಅದು ಯಾವ ಥರ ನಡೆಯುತ್ತದೆ ಅಂತ ಈಮ್ಯಾಕ್ಸ್ ಮಾತು ಕೊಡುವುದಿಲ್ಲ.

ವ್ಯಾಲ್ಯೂ ಕೊಡದೆ ಬರಿ (ಡಿಫ್‌ವಾರ್ ಹೆಸರು) ಅಂತ ಬರೆದರೆ, ಈ ಫೈಲಿನ ಮಟ್ಟಿಗೆ ಮಾತ್ರ ಇದು ಡೈನಾಮಿಕ್ ಅಂತ ಹೇಳಿದ ಹಾಗೆ. ಕ್ಯಾಲೆಂಡರ್‌ನ ಡೈರಿಗೆ ನೀವೇ ಫಂಕ್ಷನ್ ಬರೆದರೆ ಇದು ಬೇಕಾಗುತ್ತದೆ. ಅಲ್ಲಿ ತಾರೀಖು "ಡೇಟ್" ಅನ್ನುವ ಹೆಸರಿನಲ್ಲಿ ಡೈನಾಮಿಕ್ ಆಗಿಯೇ ಬರುತ್ತದೆ, ಆರ್ಗ್ಯುಮೆಂಟ್ ಆಗಿ ಬರುವುದಿಲ್ಲ.

ಅಂದ್ರೆ ಡೈನಾಮಿಕ್ ಕೆಟ್ಟದ್ದು, ಬಳಸಲೇಬಾರದು ಅಂತಾನಾ?

ಖಂಡಿತ ಅಲ್ಲ. ಈಮ್ಯಾಕ್ಸ್‌ನಲ್ಲಿ ದಿನಾ ಬಳಸುತ್ತೇವೆ. ಹುಡುಕುವಾಗ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅಂತ ನೋಡಬೇಕು ಅಂದರೆ:

(ಲೆಟ್ ((ಕೇಸ್-ಫೋಲ್ಡ್-ಸರ್ಚ್ ನಿಲ್))
  (ಸರ್ಚ್-ಫಾರ್ವರ್ಡ್ ಪದ))

ಲೆಟ್ ಮುಗಿದ ತಕ್ಷಣ ಹಳೆಯ ಸೆಟ್ಟಿಂಗ್ ವಾಪಸ್. ನಡುವೆ ಎರರ್ ಬಂದರೂ ವಾಪಸ್. ಇದನ್ನು ಆರ್ಗ್ಯುಮೆಂಟ್ ಮಾಡಲು ಹೋದರೆ ನಡುವಿನ ಹತ್ತಾರು ಫಂಕ್ಷನ್‌ಗಳು ತಮಗೆ ಬೇಡದಿದ್ದರೂ ಅದನ್ನು ಹೊತ್ತುಕೊಂಡು ತಿರುಗಬೇಕು. ರೀಡ್ ಓನ್ಲಿ ಬಫರ್‌ನಲ್ಲಿ ಬರೆಯಲು ಇನ್‌ಹಿಬಿಟ್-ರೀಡ್-ಓನ್ಲಿ, ಪ್ರಿಂಟ್ ಎಲ್ಲಿಗೆ ಹೋಗಬೇಕು ಅನ್ನುವ ಸ್ಟ್ಯಾಂಡರ್ಡ್-ಔಟ್‌ಪುಟ್, ಕೆಲಸ ಯಾವ ಫೋಲ್ಡರ್‌ನಲ್ಲಿ ನಡೆಯಬೇಕು ಅನ್ನುವ ಡಿಫಾಲ್ಟ್-ಡೈರೆಕ್ಟರಿ, ಇವೂ ಹೀಗೇ. ಇವುಗಳ ಹೆಸರು ಎಲ್ಲರಿಗೂ ಗೊತ್ತು, ಮ್ಯಾನ್ಯುಯಲ್‌ನಲ್ಲಿದೆ, ಬದಲಾಯಿಸಲಿ ಅಂತಲೇ ಇಟ್ಟಿದ್ದಾರೆ. ಮೊದಲೇ ಹೇಳಿ ಇಟ್ಟ ಡೈನಾಮಿಕ್ ಒಳ್ಳೆಯ ಸಲಕರಣೆ. ಹೇಳದೆ ಎಲ್ಲಾ ಹೆಸರಿಗೂ ಅಂಟಿದ ಡೈನಾಮಿಕ್ ಜತೆ ಮಾತ್ರ ನನಗೆ ಜಗಳ.

ಕಾಮನ್ ಲಿಸ್ಪ್‌ನಲ್ಲಿ ಕೆಲವು ಹೆಸರಿಗೆ ಎರಡೂ ಕಡೆ ನಕ್ಷತ್ರ ಯಾಕೆ?

ಇದು ಸ್ಪೆಷಲ್, ಎಚ್ಚರ ಅಂತ ಓದುವವರಿಗೆ ಹೇಳಲು. ಭಾಷೆಗೆ ನಕ್ಷತ್ರ ಬೇಕಿಲ್ಲ, ಜನರಿಗೆ ಬೇಕು. ಲೆಟ್ ನೋಡಿದರೆ ಅದು ಲೆಕ್ಸಿಕಲ್ಲೋ ಡೈನಾಮಿಕ್ಕೋ ಅಂತ ಬೇರೆ ಯಾವ ಗುರುತೂ ಇರುವುದಿಲ್ಲ, ಬರೆಯುವ ರೀತಿ ಒಂದೇ.

(ಲೆಟ್ ((*ಪ್ರಿಂಟ್-ಬೇಸ್* 2))
  (ಪ್ರಿಂಟ್ 10))

ಇದು 1010 ಅಂತ ಪ್ರಿಂಟ್ ಮಾಡುತ್ತದೆ. ನಕ್ಷತ್ರ ಕಂಡ ಕೂಡಲೇ ಈ ಲೆಟ್‌ನ ಪ್ರಭಾವ ಒಳಗೆ ಕರೆದವರಿಗೆಲ್ಲ ಮುಟ್ಟುತ್ತದೆ ಅಂತ ಗೊತ್ತಾಗುತ್ತದೆ. ಈ ಪದ್ಧತಿ ಬಿಡಬೇಡಿ.

ಸ್ಕೀಮ್‌ನಲ್ಲಿ, ಕ್ಲೋಜರ್ ಭಾಷೆಯಲ್ಲಿ?

ಸ್ಕೀಮ್‌ನಲ್ಲಿ ಸ್ಪೆಷಲ್ ವೇರಿಯಬಲ್ ಇಲ್ಲ. ಆ ಕೆಲಸಕ್ಕೆ ಮೇಕ್-ಪ್ಯಾರಾಮೀಟರ್ ಮತ್ತು ಪ್ಯಾರಾಮೀಟರೈಸ್ ಇವೆ, 2013ರ ಆರ್7ಆರ್‌ಎಸ್ ಸ್ಟ್ಯಾಂಡರ್ಡ್‌ನಲ್ಲೂ ಸೇರಿವೆ. ನನಗೆ ಇದೇ ಎಲ್ಲಕ್ಕಿಂತ ಚೊಕ್ಕ ಅನ್ನಿಸುತ್ತದೆ, ಯಾಕೆಂದರೆ ಡೈನಾಮಿಕ್ ಆಗಿ ಬದಲಾಯಿಸುವಾಗ ಲೆಟ್ ಬದಲು ಬೇರೆ ಪದವನ್ನೇ ಬರೆಯಬೇಕು.

ಕ್ಲೋಜರ್ ಕೂಡ ಒಂದು ಲಿಸ್ಪ್, ಮೇಲೆ ಹೇಳಿದ ಕ್ಲೋಷರ್ ಬೇರೆ. ಅದರಲ್ಲೂ ಲೆಟ್ ಯಾವಾಗಲೂ ಲೆಕ್ಸಿಕಲ್, ಡೈನಾಮಿಕ್‌ಗೆ ಬೈಂಡಿಂಗ್ ಅನ್ನುವ ಬೇರೆ ಪದ. 1.3 ಆವೃತ್ತಿಯಿಂದ ವೇರಿಯಬಲ್ ಡೈನಾಮಿಕ್ ಅಂತ ಮೊದಲೇ ಗುರುತು ಹಾಕಿರಬೇಕು. ಲೇಜಿ ಸೀಕ್ವೆನ್ಸ್ (ಬೇಕಾದಾಗ ಮಾತ್ರ ಲೆಕ್ಕ ನಡೆಯುವ ಪಟ್ಟಿ) ಜೊತೆ ಬಳಸುವಾಗ ಹುಷಾರು. ಮ್ಯಾಪ್ ಮಾಡಿದ ಪಟ್ಟಿಯನ್ನು ಬೈಂಡಿಂಗ್‌ನಿಂದ ಹೊರಗೆ ಕೊಟ್ಟರೆ, ನಿಜವಾದ ಲೆಕ್ಕ ನಡೆಯುವ ಹೊತ್ತಿಗೆ ಬೈಂಡಿಂಗ್ ಮುಗಿದಿರುತ್ತದೆ, ಹಳೆಯ ವ್ಯಾಲ್ಯೂ ಸಿಗುತ್ತದೆ. ಒಳಗೇ ಡೂಆಲ್ ಹಾಕಿ ಪೂರ್ತಿ ಲೆಕ್ಕ ಮುಗಿಸಿಬಿಡಿ.

ನಾನು ಲಿಸ್ಪ್ ಬರೆಯಲ್ಲ, ನನಗೆ ಇದು ಬೇಕಾ?

ಬ್ಯಾಷ್ ಬರೆಯುತ್ತೀರಾ? ಅದು ಡೈನಾಮಿಕ್. ಫಂಕ್ಷನ್ ಒಳಗೆ ಲೋಕಲ್ ಅಂತ ಹಾಕಿದ ವೇರಿಯಬಲ್, ಆ ಫಂಕ್ಷನ್ ಕರೆದ ಬೇರೆ ಫಂಕ್ಷನ್‌ಗಳಿಗೂ ಕಾಣುತ್ತದೆ. ಪರ್ಲ್‌ನಲ್ಲಿ ಲೋಕಲ್ ಡೈನಾಮಿಕ್, ಮೈ ಲೆಕ್ಸಿಕಲ್. ಪೈಥಾನ್, ಜಾವಾಸ್ಕ್ರಿಪ್ಟ್ ಎರಡೂ ಲೆಕ್ಸಿಕಲ್. ಜಾವಾಸ್ಕ್ರಿಪ್ಟ್‌ನ ದಿಸ್ ಮಾತ್ರ ಸಾಮಾನ್ಯ ಫಂಕ್ಷನ್‌ಗಳಲ್ಲಿ ಯಾರು ಹೇಗೆ ಕರೆದರು ಅನ್ನುವುದರ ಮೇಲೆ ನಿಂತಿದೆ. ಅದಕ್ಕೇ ಅದು ಅಷ್ಟು ಜನರ ತಲೆ ತಿನ್ನುತ್ತದೆ.

ಇನ್ನೂ ಓದಬೇಕು, ಎಲ್ಲಿ ಓದಲಿ? ನಮ್ಮೂರಲ್ಲಿ ಮಳೆ ಬಂದ್ರೆ ನೆಟ್ ಇರಲ್ಲ.

ಹೊಸನಗರ, ಆಗುಂಬೆ ಕಡೆಯವರು ಕೇಳುವ ಪ್ರಶ್ನೆ ಇದು. ನೆಟ್ ಬೇಡ. ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಎಚ್ ಒತ್ತಿ ಆಮೇಲೆ ಐ ಒತ್ತಿ, ಮ್ಯಾನ್ಯುಯಲ್‌ಗಳ ಪಟ್ಟಿ ಬರುತ್ತದೆ. ಇಲಿಸ್ಪ್ ಮ್ಯಾನ್ಯುಯಲ್ ತೆರೆದು ವೇರಿಯಬಲ್ಸ್ ಅಧ್ಯಾಯದಲ್ಲಿ ವೇರಿಯಬಲ್ ಸ್ಕೋಪಿಂಗ್ ಅನ್ನುವ ಭಾಗಕ್ಕೆ ಹೋಗಿ. ಉಬುಂಟು, ಡೆಬಿಯನ್ ಬಳಸುವವರಿಗೆ ಮ್ಯಾನ್ಯುಯಲ್ ಬೇರೆ ಪ್ಯಾಕೇಜ್ ಆಗಿ ಬರುತ್ತದೆ, ನೆಟ್ ಇರುವಾಗಲೇ ಇಳಿಸಿಟ್ಟುಕೊಳ್ಳಿ. ಓದುತ್ತಾ ಹೋದ ಹಾಗೆ ಅಲ್ಲಿನ ಪ್ರತಿ ಉದಾಹರಣೆಯನ್ನೂ ಎರಡೂ ಮೋಡ್‌ನಲ್ಲಿ ಓಡಿಸಿ ನೋಡಿ. ಓಡಿಸುವ ಮುಂಚೆ ಉತ್ತರ ಏನು ಬರುತ್ತದೆ ಅಂತ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.